ಬ್ಯಾಂಕ್‌ನಲ್ಲಿಟ್ಟ ಸಾರ್ವಜನಿಕ ಹಣಕ್ಕೆ ಅಡಮಾನ: ಅಮೆರಿಕದ ಸ್ಥಳೀಯ ಸಂಸ್ಥೆಗಳ ಲೆಕ್ಕ ನೋಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಅಮೆರಿಕದ ಯಾವುದೋ ಕೌಂಟಿ, ನಗರಸಭೆ, ಸ್ಕೂಲ್ ಡಿಸ್ಟ್ರಿಕ್ಟ್ ಅಥವಾ ಲೈಬ್ರರಿ ಬೋರ್ಡ್‌ನ ಹಣಕಾಸು ವಿಭಾಗದಲ್ಲಿ ನೀವು ಕೆಲಸ ಮಾಡುತ್ತಿದ್ದೀರಾ? ಅಥವಾ ಅಂಥ ಸಂಸ್ಥೆಯ ಆಡಿಟ್ ಕೆಲಸ ನಿಮ್ಮ ಕೈಗೆ ಬಂದಿದೆಯಾ? ಹಾಗಿದ್ದರೆ ಇದು ನಿಮಗಾಗಿ ಬರೆದದ್ದು.

ವಿಷಯ ಇಷ್ಟೇ. ಜನರ ತೆರಿಗೆ ಹಣ ಬ್ಯಾಂಕ್‌ನಲ್ಲಿದೆ. ಬ್ಯಾಂಕ್ ಠೇವಣಿಗಳಿಗೆ ವಿಮೆ ಕೊಡುವ ಅಮೆರಿಕದ ಫೆಡರಲ್ ಸಂಸ್ಥೆ ಎಫ್‌ಡಿಐಸಿ. ಅದರ ವಿಮೆ ಈ ಹಣದಲ್ಲಿ ಒಂದು ಸಣ್ಣ ಭಾಗವನ್ನು ಮಾತ್ರ ಕಾಯುತ್ತದೆ. ಉಳಿದದ್ದಕ್ಕೆ ಬ್ಯಾಂಕ್ ತನ್ನ ಬಾಂಡ್‌ಗಳನ್ನು ಅಡವಿಡಬೇಕು ಅಂತ ಹೆಚ್ಚಿನ ರಾಜ್ಯಗಳ ಕಾನೂನು ಹೇಳುತ್ತದೆ. ಈ ಅಡಮಾನವನ್ನೇ ಅಲ್ಲಿ ಎಲ್ಲರೂ ಕೊಲ್ಯಾಟರಲ್ ಅನ್ನುತ್ತಾರೆ. "ನಮ್ಮ ಠೇವಣಿಗೆ ಕೊಲ್ಯಾಟರಲ್ ಇದೆ" ಅಂತ ಬ್ಯಾಂಕ್‌ನವರು ಹೇಳಿದ ಮೇಲೆ ಎಷ್ಟೋ ಕಚೇರಿಗಳಲ್ಲಿ ಆ ಫೈಲನ್ನು ಯಾರೂ ಮತ್ತೆ ತೆರೆಯುವುದಿಲ್ಲ. ಆದರೆ ಕೊಲ್ಯಾಟರಲ್ ಇದೆಯೋ ಇಲ್ಲವೋ ಅನ್ನುವುದು ಬ್ಯಾಂಕ್ ಬಿದ್ದ ದಿನ ಕಾಗದಪತ್ರದಿಂದ ತೀರ್ಮಾನ ಆಗುತ್ತದೆ, ಮ್ಯಾನೇಜರ್ ಮಾತಿನಿಂದಲ್ಲ. ಆ ಕಾಗದಪತ್ರವನ್ನು ಬ್ಯಾಂಕ್ ಗಟ್ಟಿಯಾಗಿ ನಿಂತಿರುವಾಗಲೇ ಸರಿ ಮಾಡಿಟ್ಟುಕೊಳ್ಳಬೇಕು. ಆಮೇಲೆ ಸರಿ ಮಾಡಲು ಬರುವುದಿಲ್ಲ.

ಹಂತ 1: ನಿಮ್ಮ ರಾಜ್ಯದ ನಿಯಮ ಯಾವುದು ಅಂತ ಹುಡುಕಿ

ಸ್ಥಳೀಯ ಸಂಸ್ಥೆಗಳ ಠೇವಣಿಗೆ ಇಡೀ ದೇಶಕ್ಕೆ ಒಂದೇ ನಿಯಮ ಅಂತ ಇಲ್ಲ. ಪ್ರತಿ ರಾಜ್ಯದ್ದೂ ಬೇರೆ. ಪಕ್ಕದ ರಾಜ್ಯದ ಗೆಳೆಯರು ಹೇಳಿದ ಶೇಕಡಾವಾರು ಲೆಕ್ಕ ನಿಮಗೆ ಅನ್ವಯಿಸುತ್ತದೆ ಅಂದುಕೊಳ್ಳಬೇಡಿ.

ಕೆಲವು ಉದಾಹರಣೆ ನೋಡಿ. ಟೆಕ್ಸಾಸ್‌ನಲ್ಲಿ ಗವರ್ನಮೆಂಟ್ ಕೋಡ್‌ನ 2257ನೇ ಅಧ್ಯಾಯ ಇದಕ್ಕೆಂದೇ ಇದೆ. ಠೇವಣಿಗೆ ಬೆಳೆದ ಬಡ್ಡಿ ಕೂಡಿಸಿ, ವಿಮೆ ಇರುವ ಭಾಗ ಕಳೆದು, ಉಳಿದದ್ದಕ್ಕೆ ಕಡಿಮೆ ಆಗದಷ್ಟು ಅಡಮಾನ ಇರಬೇಕು ಅನ್ನುವುದು ಅಲ್ಲಿನ ಮೂಲ ನಿಯಮ. ಕ್ಯಾಲಿಫೋರ್ನಿಯಾದಲ್ಲಿ ಅಡವಿಡುವ ವಸ್ತು ಯಾವುದು ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ: ಸಾಮಾನ್ಯ ಬಾಂಡ್‌ಗಳಾದರೆ ಶೇ. 110, ಗೃಹಸಾಲದ ಪತ್ರಗಳಾದರೆ ಶೇ. 150, ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಹೋಮ್ ಲೋನ್ ಬ್ಯಾಂಕ್ ಕೊಡುವ ಲೆಟರ್ ಆಫ್ ಕ್ರೆಡಿಟ್ (ಹಣ ಕೊಡುವ ಭರವಸೆಯ ಪತ್ರ, ಹಂತ 4ರಲ್ಲಿ ವಿವರ ಇದೆ) ಆದರೆ ಶೇ. 105. ಮಿನೆಸೋಟಾದಲ್ಲಿ ಠೇವಣಿಗಿಂತ ಶೇ. 10 ಜಾಸ್ತಿ ಇಡಬೇಕು.

ಇದರ ಜೊತೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ರಾಜ್ಯದಲ್ಲಿ ಅಡಮಾನ ನಿಮ್ಮ ಸಂಸ್ಥೆಯ ಹೆಸರಿಗೇ ಬೇರೆಯಾಗಿ ಇರುತ್ತದೆಯೋ, ಇಲ್ಲ ಎಲ್ಲ ಸಾರ್ವಜನಿಕ ಠೇವಣಿಗಳಿಗೆ ಸೇರಿ ಒಂದೇ ಪೂಲ್ ಇರುತ್ತದೆಯೋ? ಜಾರ್ಜಿಯಾದಲ್ಲಿ ಎರಡೂ ಇವೆ. ಓಹಾಯೋದಲ್ಲಿ 2017ರ ಜುಲೈ 1ರಿಂದ ರಾಜ್ಯದ ಖಜಾಂಚಿಯ ಕಚೇರಿಯೇ ಒಂದು ಪೂಲ್ ವ್ಯವಸ್ಥೆ ನಡೆಸುತ್ತಿದೆ, ಅಲ್ಲಿ ಮಾಮೂಲಿ ಮಟ್ಟ ಶೇ. 102. ಫ್ಲಾರಿಡಾದಲ್ಲಿ ರಾಜ್ಯ ಕಾನೂನಿನ 280ನೇ ಅಧ್ಯಾಯದ ಪ್ರಕಾರ ರಾಜ್ಯ ಅರ್ಹತೆ ಕೊಟ್ಟ ಬ್ಯಾಂಕ್‌ಗಳಲ್ಲಿ ಮಾತ್ರ ಹಣ ಇಡಬಹುದು. ಬ್ಯಾಂಕ್‌ನ ಆರೋಗ್ಯ ಕೆಟ್ಟಷ್ಟೂ ಅದು ಇಡಬೇಕಾದ ಅಡಮಾನ ಹೆಚ್ಚುತ್ತದೆ.

ಪೂಲ್ ವ್ಯವಸ್ಥೆಯಲ್ಲಿ ನಿಮ್ಮ ತಲೆನೋವು ಕಡಿಮೆ, ಏಕೆಂದರೆ ಲೆಕ್ಕ ನೋಡುವ ಕೆಲಸದಲ್ಲಿ ಬಹುಪಾಲು ರಾಜ್ಯವೇ ಮಾಡುತ್ತದೆ. ಆದರೆ ಪೂಲ್ ಅಂದ ಕೂಡಲೇ ಪೂರ್ತಿ ಅಡಮಾನ ಇದೆ ಅಂತ ಅರ್ಥ ಅಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ 2009ರ ಜನವರಿಯಲ್ಲಿ ಬ್ಯಾಂಕ್ ಆಫ್ ಕ್ಲಾರ್ಕ್ ಕೌಂಟಿ ಮುಳುಗಿತು. ವಿಮೆ ಇಲ್ಲದ ಸಾರ್ವಜನಿಕ ಹಣದ ನಷ್ಟ ತುಂಬಲು ಪೂಲ್‌ನಲ್ಲಿದ್ದ ಉಳಿದ ಬ್ಯಾಂಕ್‌ಗಳ ಮೇಲೆ ಪಾಲು ಹಾಕಿ ವಸೂಲಿ ಮಾಡಬೇಕಾಯಿತು. ಸಂಸ್ಥೆಗಳ ಹಣವೇನೋ ಉಳಿಯಿತು. ಆದರೆ ಅದಾದ ಮೇಲೆ ಆ ರಾಜ್ಯ ವಿಮೆ ಇಲ್ಲದ ಸಾರ್ವಜನಿಕ ಠೇವಣಿಗೆ ಶೇ. 100 ಅಡಮಾನ ಬೇಕು ಅಂತ ನಿಯಮ ಬಿಗಿ ಮಾಡಿತು.

ರಾಜ್ಯದ ಕಾನೂನು ಓದಿದ ಮೇಲೆ ನಿಮ್ಮ ಸಂಸ್ಥೆಯದ್ದೇ ಹೂಡಿಕೆ ನೀತಿಯನ್ನೂ ತೆಗೆದು ಓದಿ. ಕಾನೂನು ಶೇ. 100 ಅಂದರೂ ನಿಮ್ಮ ಬೋರ್ಡ್ ಒಪ್ಪಿದ ನೀತಿಯಲ್ಲಿ ಶೇ. 102 ಅಥವಾ 110 ಅಂತ ಇರಬಹುದು. ಆಗ ನೀವು ಪಾಲಿಸಬೇಕಾದದ್ದು ಹೆಚ್ಚು ಬಿಗಿ ಇರುವುದನ್ನು.

ಹಂತ 2: ವಿಮೆ ಎಷ್ಟು ಅಂತ ಸರಿಯಾಗಿ ಲೆಕ್ಕ ಹಾಕಿ

ಅಡಮಾನ ಬೇಕಾಗುವುದು ವಿಮೆ ದಾಟಿದ ಹಣಕ್ಕೆ. ಹಾಗಾಗಿ ವಿಮೆಯ ಲೆಕ್ಕ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಹೆಚ್ಚು ತಪ್ಪು ಕಾಣುವುದು ಇಲ್ಲೇ.

ಎಫ್‌ಡಿಐಸಿ ಮಿತಿ 2,50,000 ಡಾಲರ್. 2008ರ ಅಕ್ಟೋಬರ್‌ಗೆ ಮುಂಚೆ ಅದು 1,00,000 ಇತ್ತು. ಆಗ ತಾತ್ಕಾಲಿಕವಾಗಿ ಏರಿಸಿದ್ದನ್ನು 2010ರಲ್ಲಿ ಡಾಡ್-ಫ್ರಾಂಕ್ ಕಾಯ್ದೆ ಕಾಯಂ ಮಾಡಿತು. ಸಾರ್ವಜನಿಕ ಸಂಸ್ಥೆಗಳಿಗೆ ಈ ಮಿತಿಯನ್ನು ಅಧಿಕೃತ ಕಸ್ಟೋಡಿಯನ್‌ಗೆ ಲೆಕ್ಕ ಹಾಕುತ್ತಾರೆ, ಅಂದರೆ ಆ ಹಣದ ಮೇಲೆ ಪೂರ್ತಿ ಅಧಿಕಾರ ಇರುವ ಅಧಿಕಾರಿಗೆ. ಸುಮ್ನೆ ಚೆಕ್‌ಗೆ ಸಹಿ ಹಾಕುವವರು ಅಧಿಕೃತ ಕಸ್ಟೋಡಿಯನ್ ಆಗುವುದಿಲ್ಲ. ಇಬ್ಬರು ಸೇರಿಯೇ ಹಣ ತೆಗೆಯಬೇಕು ಅಂತಿದ್ದರೆ ಇಬ್ಬರೂ ಸೇರಿ ಒಬ್ಬರು ಅಂತಲೇ ಲೆಕ್ಕ. ವಿಮೆ ಹೆಚ್ಚಿಸಿಕೊಳ್ಳಲು ಒಂದೇ ಹಣವನ್ನು ಹೆಸರಿಗಷ್ಟೇ ನಾಲ್ಕು ಜನರಿಗೆ ಹಂಚುವ ಉಪಾಯ ನಡೆಯುವುದಿಲ್ಲ.

ಬ್ಯಾಂಕ್ ನಿಮ್ಮ ರಾಜ್ಯದ್ದೇ ಆದರೆ ಎರಡು ಮಿತಿ ಸಿಗುತ್ತವೆ. ಅವಧಿ ಠೇವಣಿ ಮತ್ತು ಉಳಿತಾಯ ಖಾತೆಗಳೆಲ್ಲ ಸೇರಿ 2,50,000, ಚೆಕಿಂಗ್ ಥರದ ಡಿಮ್ಯಾಂಡ್ ಖಾತೆಗಳೆಲ್ಲ ಸೇರಿ ಇನ್ನೊಂದು 2,50,000. ಮನಿ ಮಾರ್ಕೆಟ್ ಠೇವಣಿ ಖಾತೆ ಉಳಿತಾಯದ ಗುಂಪಿಗೆ ಸೇರುತ್ತದೆ. ಬ್ಯಾಂಕ್‌ನ ಮುಖ್ಯ ಕಚೇರಿ ಬೇರೆ ಕಡೆ ಇದ್ದರೂ ನಿಮ್ಮ ರಾಜ್ಯದಲ್ಲಿ ಒಂದು ಶಾಖೆ ಇದ್ದರೆ ಸಾಕು, ಅದನ್ನು ರಾಜ್ಯದೊಳಗಿನ ಬ್ಯಾಂಕ್ ಅಂತಲೇ ನೋಡುತ್ತಾರೆ. ಶಾಖೆಯೇ ಇಲ್ಲದ ಹೊರಗಿನ ಬ್ಯಾಂಕ್ ಆದರೆ ಎಲ್ಲ ಖಾತೆ ಸೇರಿ ಒಟ್ಟು 2,50,000 ಮಾತ್ರ.

ಖಾತೆಗೊಂದು ಮಿತಿ ಅಂತ ಖಂಡಿತ ಅಲ್ಲ. ಸಂಬಳದ ಖಾತೆ, ಕಟ್ಟಡ ನಿಧಿ ಖಾತೆ, ಊಟದ ಯೋಜನೆಯ ಖಾತೆ ಅಂತ ಬೇರೆ ಬೇರೆ ಹೆಸರಿದ್ದರೂ ಕಸ್ಟೋಡಿಯನ್ ಒಬ್ಬರೇ, ಸಂಸ್ಥೆ ಒಂದೇ ಆದರೆ ಒಂದೇ ಗುಂಪಿನ ಖಾತೆಗಳೆಲ್ಲ ಕೂಡಿಸಿಯೇ ಲೆಕ್ಕ. ಒಂದು ವಿನಾಯಿತಿ ಇದೆ: ಬಾಂಡ್ ಕೊಂಡವರಿಗೆ ಸಾಲ ತೀರಿಸಲೆಂದೇ ಕಾನೂನು ಅಥವಾ ಬಾಂಡ್ ಒಪ್ಪಂದದ ಪ್ರಕಾರ ತೆಗೆದಿಟ್ಟ ಹಣಕ್ಕೆ ವಿಮೆಯನ್ನು ಆ ಬಾಂಡ್‌ದಾರರ ಲೆಕ್ಕದಲ್ಲಿ ಕೊಡುತ್ತಾರೆ. ನಿಮ್ಮಲ್ಲಿ ಅಂಥ ಖಾತೆ ಇದ್ದರೆ ವಕೀಲರನ್ನು ಕೇಳಿ ಬೇರೆಯಾಗಿ ಇಡಿ.

ಕ್ರೆಡಿಟ್ ಯೂನಿಯನ್‌ನಲ್ಲಿ (ಸದಸ್ಯರದೇ ಸಹಕಾರಿ ಹಣಕಾಸು ಸಂಸ್ಥೆ) ಹಣ ಇಟ್ಟಿದ್ದರೆ ವಿಮೆ ಎನ್‌ಸಿಯುಎ ಅನ್ನುವ ಫೆಡರಲ್ ಸಂಸ್ಥೆಯ ಕಡೆಯಿಂದ. ಮೂಲ ಮಿತಿ ಅಲ್ಲೂ 2,50,000 ಡಾಲರ್. ಆದರೆ ನಿಮ್ಮ ರಾಜ್ಯ ಕ್ರೆಡಿಟ್ ಯೂನಿಯನ್‌ನಲ್ಲಿ ಸಾರ್ವಜನಿಕ ಹಣ ಇಡಲು ಬಿಡುತ್ತದೆಯೇ ಅನ್ನುವುದನ್ನು ಮೊದಲು ನೋಡಿ.

ಹಂತ 3: ಎಷ್ಟು ಅಡಮಾನ ಬೇಕು

ಸೂತ್ರ ಸುಲಭ. ಠೇವಣಿಗೆ ಬೆಳೆದ ಬಡ್ಡಿ ಕೂಡಿಸಿ, ವಿಮೆ ಕಳೆಯಿರಿ, ಬಂದದ್ದನ್ನು ನಿಮ್ಮ ಶೇಕಡಾದಿಂದ ಗುಣಿಸಿ. (ಕೆಲವು ರಾಜ್ಯಗಳಲ್ಲಿ ವಿಮೆ ಕಳೆಯುವ ರೀತಿಯಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ, ನಿಮ್ಮ ಕಾನೂನಿನ ಪದಗಳನ್ನೇ ನೋಡಿ.)

ಒಂದು ಸ್ಕೂಲ್ ಡಿಸ್ಟ್ರಿಕ್ಟ್ ಅಂದುಕೊಳ್ಳಿ. ಮನಿ ಮಾರ್ಕೆಟ್ ಖಾತೆಯಲ್ಲಿ 32 ಲಕ್ಷ ಡಾಲರ್, ಚೆಕಿಂಗ್‌ನಲ್ಲಿ 9 ಲಕ್ಷ, ಬೆಳೆದ ಬಡ್ಡಿ 6,000. ಒಟ್ಟು 41,06,000. ಬ್ಯಾಂಕ್ ರಾಜ್ಯದೊಳಗಿನದು, ಹಾಗಾಗಿ ವಿಮೆ 5,00,000. ಉಳಿಯುವುದು 36,06,000. ಶೇ. 110 ಆದರೆ 39,66,600 ಡಾಲರ್ ಬೆಲೆಯ ಅಡಮಾನ ಬೇಕು. ಶೇ. 102 ಆದರೆ 36,78,120. ಇದೇ ಹಣ ಹೊರರಾಜ್ಯದ ಬ್ಯಾಂಕ್‌ನಲ್ಲಿದ್ದರೆ ವಿಮೆ 2,50,000ಕ್ಕೆ ಇಳಿಯುತ್ತದೆ, ಶೇ. 110ರ ಲೆಕ್ಕದಲ್ಲಿ ಬೇಕಾದದ್ದು 42,41,600 ಆಗುತ್ತದೆ.

ಈಗ ಮುಖ್ಯ ವಿಷಯ. ಈ ಲೆಕ್ಕವನ್ನು ತಿಂಗಳ ಕೊನೆಯ ದಿನದ ಮೊತ್ತಕ್ಕೆ ಮಾತ್ರ ಹಾಕಿದರೆ ಸಾಲದು. ಆಸ್ತಿ ತೆರಿಗೆ ಕಟ್ಟುವ ದಿನಗಳಲ್ಲಿ, ರಾಜ್ಯದ ಅನುದಾನ ಬೀಳುವ ದಿನ, ಬಾಂಡ್ ಮಾರಿ ಬಂದ ಹಣ ಜಮಾ ಆಗುವ ದಿನ ನಿಮ್ಮ ಖಾತೆ ಒಂದೇ ಮಧ್ಯಾಹ್ನದಲ್ಲಿ ಮೂರು ಪಟ್ಟು ಆಗಬಹುದು. ಮೇಲಿನ ಡಿಸ್ಟ್ರಿಕ್ಟ್‌ನ ಖಾತೆಗಳು ತೆರಿಗೆ ಬಂದ ದಿನ 1.1 ಕೋಟಿ ಡಾಲರ್‌ಗೆ ಏರಿದವು ಅಂದುಕೊಳ್ಳಿ. ಆಗ ಬಡ್ಡಿ ಬಿಟ್ಟು ನೋಡಿದರೂ ವಿಮೆ ಇಲ್ಲದ ಹಣ 1.05 ಕೋಟಿ, ಅದಕ್ಕೆ ಶೇ. 110ರಂತೆ ಬೇಕಾದ ಅಡಮಾನ 1.155 ಕೋಟಿ. ಅಡವಿಟ್ಟಿರುವುದು 40 ಲಕ್ಷ ಮಾತ್ರ. ಆ ವಾರ ಬ್ಯಾಂಕ್ ಬಿದ್ದರೆ ಮುಳುಗುವುದು ಶಿಕ್ಷಕರ ಸಂಬಳ. ತಿಂಗಳ ಕೊನೆಯ ವರದಿ ಮಾತ್ರ ಎಂದಿನಂತೆ ಚೆನ್ನಾಗಿಯೇ ಕಾಣುತ್ತದೆ.

ಹಾಗಾಗಿ ಹಿಂದಿನ ಎರಡು ವರ್ಷದ ದಿನದಿನದ ಮೊತ್ತ ತೆಗೆದು, ಅತಿ ಹೆಚ್ಚು ಹಣ ಇದ್ದ ದಿನಗಳು ಯಾವುವು ಅಂತ ಗುರುತು ಮಾಡಿ. ಮುಂದಿನ ವರ್ಷ ದೊಡ್ಡ ಹಣ ಬರುವ ದಿನಗಳ ಪಟ್ಟಿಯನ್ನು ಬ್ಯಾಂಕ್‌ಗೆ ಮೊದಲೇ ಬರವಣಿಗೆಯಲ್ಲಿ ಕೊಡಿ. ದೊಡ್ಡ ಹಣ ಬರುವುದಕ್ಕೆ ಮುಂಚೆಯೇ ಹೆಚ್ಚುವರಿ ಬಾಂಡ್ ಸೇರಿಸಿ ದೃಢಪಡಿಸಿ ಅಂತ ಕೇಳಿ. ಬ್ಯಾಂಕ್‌ಗೂ ಇದು ಅನುಕೂಲವೇ, ಏಕೆಂದರೆ ಕೊನೇ ಗಳಿಗೆಯಲ್ಲಿ ಬಾಂಡ್ ಹೊಂದಿಸುವುದು ಅವರಿಗೂ ಕಷ್ಟ. 2021ರ ಅಮೆರಿಕನ್ ರೆಸ್ಕ್ಯೂ ಪ್ಲಾನ್ ಕಾಯ್ದೆಯಿಂದ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೆ 35,000 ಕೋಟಿ ಡಾಲರ್ ಹಂಚಿಕೆ ಆಯಿತು. ಹಿಂದೆಂದೂ ಅಷ್ಟು ಹಣ ನೋಡದ ಪುಟ್ಟ ಊರುಗಳ ಖಾತೆಗೂ ಅದರ ಪಾಲು ಬಂತು. ಅಂಥ ಹಣ ಮತ್ತೆ ಯಾವಾಗ ಬೇಕಾದರೂ ಬರಬಹುದು.

ಹಂತ 4: ಏನನ್ನು ಅಡವಿಟ್ಟಿದ್ದಾರೆ ಅಂತ ನೋಡಿ

ಎಲ್ಲ ಅಡಮಾನವೂ ಒಂದೇ ಅಲ್ಲ. ಅಮೆರಿಕ ಸರ್ಕಾರದ ಟ್ರೆಷರಿ ಬಾಂಡ್ ಎಲ್ಲಕ್ಕಿಂತ ಸಲೀಸು, ಬೇಕೆಂದಾಗ ಮಾರಬಹುದು. ಸರ್ಕಾರದ ಬೆಂಬಲ ಇರುವ ಗೃಹಸಾಲ ಸಂಸ್ಥೆಗಳಾದ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್, ಜಿನ್ನಿ ಮೇ ಇವುಗಳ ಗೃಹಸಾಲದ ಬಾಂಡ್‌ಗಳು ತುಂಬಾ ಬಳಕೆಯಲ್ಲಿವೆ. ಆದರೆ ಮನೆ ಸಾಲಗಾರರು ಅಸಲು ಕಟ್ಟುತ್ತಾ ಹೋದಂತೆ ಆ ಬಾಂಡ್‌ನ ಉಳಿದ ಮೊತ್ತ ತಿಂಗಳು ತಿಂಗಳು ಕರಗುತ್ತದೆ. ಹಳೆಯ ಪಟ್ಟಿಯಲ್ಲಿ 20 ಲಕ್ಷ ಅಂತಿದ್ದದ್ದು ಈಗ 12 ಲಕ್ಷ ಆಗಿರಬಹುದು. ಸ್ಥಳೀಯ ಸಂಸ್ಥೆಗಳ ಮ್ಯುನಿಸಿಪಲ್ ಬಾಂಡ್‌ಗಳನ್ನೂ ಹಲವು ರಾಜ್ಯಗಳು ಒಪ್ಪುತ್ತವೆ. ಆದರೆ ಸಣ್ಣ ಊರಿನ ರೇಟಿಂಗ್ ಇಲ್ಲದ ಬಾಂಡ್ ಅವಸರಕ್ಕೆ ಮಾರಲು ಹೋದರೆ ಕೊಳ್ಳುವವರು ಸಿಗುವುದು ಕಷ್ಟ. ಒಪ್ಪುವ ಮುಂಚೆ ಯೋಚಿಸಿ.

ಮುಖಬೆಲೆ ನೋಡಿ ಸಮಾಧಾನ ಪಡಬೇಡಿ, ಮಾರುಕಟ್ಟೆ ಬೆಲೆ ಕೇಳಿ. ಶೇ. 1.5 ಬಡ್ಡಿಯ, ಇನ್ನು 10 ವರ್ಷ ಅವಧಿ ಉಳಿದಿರುವ 10 ಲಕ್ಷ ಡಾಲರ್ ಮುಖಬೆಲೆಯ ಬಾಂಡ್ ತೆಗೆದುಕೊಳ್ಳಿ. ಮಾರುಕಟ್ಟೆಯ ಬಡ್ಡಿ ದರ ಶೇ. 4ಕ್ಕೆ ಏರಿದರೆ ಅದರ ಬೆಲೆ ಸುಮಾರು 7,97,000ಕ್ಕೆ ಇಳಿಯುತ್ತದೆ. ಬಾಂಡ್ ಕೊಟ್ಟದ್ದು ಸರ್ಕಾರವೇ, ಹಣ ಬಂದೇ ಬರುತ್ತದೆ, ಆದರೆ ಇವತ್ತು ಮಾರಿದರೆ ಸಿಗುವುದು ಅಷ್ಟೇ. 2022ರಲ್ಲಿ ಇದೇ ಆಯಿತು. ಆ ವರ್ಷದ ಶುರುವಿನಲ್ಲಿ ಸೊನ್ನೆಯ ಹತ್ತಿರ ಇದ್ದ ಫೆಡರಲ್ ರಿಸರ್ವ್‌ನ ದರ ಡಿಸೆಂಬರ್ ಹೊತ್ತಿಗೆ ಶೇ. 4.25ರಿಂದ 4.50ಕ್ಕೆ ಏರಿತ್ತು. 2023ರ ಮಾರ್ಚ್ 10ರಂದು ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಚ್ಚಿದ್ದರ ಹಿಂದೆಯೂ ಹೀಗೆ ಬೆಲೆ ಬಿದ್ದ ದೀರ್ಘಾವಧಿ ಬಾಂಡ್‌ಗಳೇ ಇದ್ದವು. ಗಮನಿಸಿ: ಬ್ಯಾಂಕ್ ಕಷ್ಟಕ್ಕೆ ಸಿಕ್ಕುವ ಹೊತ್ತಿಗೇ ನಿಮ್ಮ ಅಡಮಾನದ ಬೆಲೆಯೂ ಬಿದ್ದಿರಬಹುದು. ಶೇ. 102 ಅಥವಾ 110 ಅಂತ ಜಾಸ್ತಿ ಕೇಳುವುದು ಇದಕ್ಕೇ.

ಬಾಂಡ್ ಬೇಡ ಅಂದರೆ ಫೆಡರಲ್ ಹೋಮ್ ಲೋನ್ ಬ್ಯಾಂಕ್‌ನ ಲೆಟರ್ ಆಫ್ ಕ್ರೆಡಿಟ್ ಇದೆ. ಇಂಥ ಬ್ಯಾಂಕ್‌ಗಳು ದೇಶದಲ್ಲಿ 11 ಇವೆ. ನಿಮ್ಮ ಬ್ಯಾಂಕ್ ಹಣ ಕೊಡದೆ ಹೋದರೆ ನಾವು ಕೊಡುತ್ತೇವೆ ಅನ್ನುವ ಪತ್ರ ಇದು. ನನಗೆ ಇದು ಸಣ್ಣ ಕಚೇರಿಗಳಿಗೆ ತುಂಬಾ ಒಳ್ಳೆಯ ದಾರಿ ಅನ್ನಿಸುತ್ತದೆ, ಏಕೆಂದರೆ ಇದರ ಮೊತ್ತ ಬಡ್ಡಿ ದರದ ಜೊತೆ ಏರಿಳಿಯುವುದಿಲ್ಲ, ಬಾಂಡ್ ಬಾಂಡ್‌ಗೂ ಬೆಲೆ ಹುಡುಕುವ ಕೆಲಸ ಇಲ್ಲ. ಆದರೆ ಪತ್ರದಲ್ಲಿ ನಾಲ್ಕು ವಿಷಯ ನೋಡಲೇಬೇಕು: ಬ್ಯಾಂಕ್ ಒಂದೇ ಕಡೆಯಿಂದ ರದ್ದು ಮಾಡುವಂತಿಲ್ಲ ಅಂತ ಇರಬೇಕು, ಫಲಾನುಭವಿಯ ಜಾಗದಲ್ಲಿ ನಿಮ್ಮ ಸಂಸ್ಥೆಯ ಕಾನೂನುಬದ್ಧ ಹೆಸರು ಇರಬೇಕು, ಹಣ ಕೇಳಲು ಏನು ಕಾಗದ ಕೊಡಬೇಕು ಅನ್ನುವುದು ಸ್ಪಷ್ಟವಿರಬೇಕು, ಮತ್ತು ಅವಧಿ. ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರ್‌ನಲ್ಲಿ 45 ದಿನ ಮುಂಚೆ ಗುರುತು ಹಾಕಿ. ಅವಧಿ ಮುಗಿದ ಪತ್ರಕ್ಕೆ ಬೆಲೆ ಇಲ್ಲ.

ಹಂತ 5: ಒಪ್ಪಂದ

ಇಡೀ ಲೇಖನದಲ್ಲಿ ಒಂದೇ ಹಂತ ಓದುತ್ತೀರಿ ಅಂದರೆ ಇದನ್ನು ಓದಿ.

ಬ್ಯಾಂಕ್ ಮುಳುಗಿದಾಗ ಎಫ್‌ಡಿಐಸಿ ರಿಸೀವರ್ ಆಗಿ, ಅಂದರೆ ಅದರ ಲೆಕ್ಕ ಚುಕ್ತಾ ಮಾಡುವ ಅಧಿಕಾರಿಯಾಗಿ ಬರುತ್ತದೆ. ಬ್ಯಾಂಕ್‌ನ ಆಸ್ತಿ ಅದರ ಕೈಗೆ ಹೋಗುತ್ತದೆ. "ಈ ಬಾಂಡ್‌ಗಳ ಮೇಲೆ ನಮಗೆ ಹಕ್ಕಿದೆ" ಅಂತ ನೀವು ಹೇಳಿದರೆ ಅದು ಕೇಳುವುದು ದಾಖಲೆ. ಬಾಯಿ ಮಾತಿನ ಅಥವಾ ಬ್ಯಾಂಕ್ ದಾಖಲೆಯಲ್ಲಿ ಇಲ್ಲದ ಒಪ್ಪಂದ ನಡೆಯುವುದಿಲ್ಲ ಅನ್ನುವುದನ್ನು ಸುಪ್ರೀಂ ಕೋರ್ಟ್ 1942ರಲ್ಲೇ ಡಿ'ಓಂಚ್ ಡ್ಯೂಮ್ ಪ್ರಕರಣದಲ್ಲಿ ಎತ್ತಿ ಹಿಡಿದಿತ್ತು. ಕಾಯ್ದೆಯಲ್ಲಿ ಇದು 12 ಯು.ಎಸ್.ಸಿ. (ಅಮೆರಿಕದ ಫೆಡರಲ್ ಕಾನೂನು ಸಂಹಿತೆ) 1823(ಇ) ಅನ್ನುವ ವಿಭಾಗದಲ್ಲಿದೆ. ಫಿರಿಯಾ ಅನ್ನುವ 1989ರ ಬ್ಯಾಂಕಿಂಗ್ ಸುಧಾರಣಾ ಕಾಯ್ದೆ ಈ ವಿಭಾಗವನ್ನು ಇನ್ನಷ್ಟು ಬಿಗಿ ಮಾಡಿತು. ಅದರ ಪ್ರಕಾರ:

ಒಪ್ಪಂದ ಬರವಣಿಗೆಯಲ್ಲಿ ಇರಬೇಕು. ಬ್ಯಾಂಕ್ ಮತ್ತು ನೀವು, ಇಬ್ಬರೂ ಸಹಿ ಹಾಕಿರಬೇಕು. ಬ್ಯಾಂಕ್‌ನ ನಿರ್ದೇಶಕರ ಮಂಡಳಿ ಅಥವಾ ಅದರ ಸಾಲ ಸಮಿತಿ ಅದನ್ನು ಒಪ್ಪಿರಬೇಕು, ಒಪ್ಪಿದ್ದು ಸಭೆಯ ನಡಾವಳಿಯಲ್ಲಿ ದಾಖಲಾಗಿರಬೇಕು. ಸಹಿ ಆದ ದಿನದಿಂದ ಅದು ಒಂದು ದಿನವೂ ತಪ್ಪದೆ ಬ್ಯಾಂಕ್‌ನ ಅಧಿಕೃತ ದಾಖಲೆಯಾಗಿ ಇರಬೇಕು.

ಮೊದಲು ಇನ್ನೊಂದು ತೊಡಕಿತ್ತು. ಬ್ಯಾಂಕ್ ಆ ಆಸ್ತಿ ಕೊಂಡ ಸಮಯದಲ್ಲೇ ಒಪ್ಪಂದ ಆಗಿರಬೇಕು ಅನ್ನುವ ಮಾತನ್ನು ಅಕ್ಷರಶಃ ಹಿಡಿದರೆ, ಬಾಂಡ್ ಬದಲಾಯಿಸಿದಾಗೆಲ್ಲ ಹೊಸ ಒಪ್ಪಂದ ಬೇಕಾಗುತ್ತಿತ್ತು. 1994ರಲ್ಲಿ ಸಾರ್ವಜನಿಕ ಠೇವಣಿಗಳ ಮಟ್ಟಿಗೆ ಇದನ್ನು ಸಡಿಲ ಮಾಡಿದರು. ಈಗ ಒಂದು ಸರಿಯಾದ ಮೂಲ ಒಪ್ಪಂದ ಇದ್ದರೆ, ಅದರ ಪ್ರಕಾರ ಆಮೇಲೆ ಸೇರಿಸಿದ, ಬದಲಾಯಿಸಿದ ಬಾಂಡ್‌ಗಳಿಗೂ ರಕ್ಷಣೆ ಇದೆ. ಉಳಿದ ಷರತ್ತುಗಳು ಹಾಗೇ ಇವೆ.

ನೀವು ಮಾಡಬೇಕಾದದ್ದು: ಬ್ಯಾಂಕ್‌ಗೆ ಪತ್ರ ಬರೆದು, ಮಂಡಳಿ ಒಪ್ಪಿಗೆ ಕೊಟ್ಟ ನಡಾವಳಿಯ ದೃಢೀಕೃತ ಪ್ರತಿ ತರಿಸಿಕೊಳ್ಳಿ. "ಅದು ನಮ್ಮ ಒಳಗಿನ ದಾಖಲೆ, ಕೊಡುವುದಿಲ್ಲ" ಅಂದರೆ ಬಿಡಬೇಡಿ. ಆ ಒಂದು ವಿಷಯಕ್ಕೆ ಸಂಬಂಧಪಟ್ಟ ಭಾಗ ಮಾತ್ರ ಸಾಕು ಅಂತ ಹೇಳಿ. ಶಾಖೆಯ ಮ್ಯಾನೇಜರ್ ಸಹಿ ಮಾಡಿದ ಒಂದು ಹಾಳೆ ಇದಕ್ಕೆ ಸಮ ಅಲ್ಲ. ನಿಮ್ಮ ಬ್ಯಾಂಕ್ ಇನ್ನೊಂದರ ಜೊತೆ ವಿಲೀನ ಆಗಿದೆಯೇ? ಹಾಗಿದ್ದರೆ ಹಳೆಯ ಒಪ್ಪಂದದ ಮೇಲೆ ನೆಚ್ಚಿಕೊಂಡು ಕೂರುವ ಬದಲು ಹೊಸ ಬ್ಯಾಂಕ್ ಹೆಸರಿನಲ್ಲಿ ಹೊಸದಾಗಿ ಮಾಡಿಸಿಕೊಳ್ಳುವುದು ಮೇಲು.

ಹಂತ 6: ಬಾಂಡ್ ಯಾರ ಕೈಯಲ್ಲಿದೆ?

ಅಡವಿಟ್ಟ ಬಾಂಡ್ ಅಡವಿಟ್ಟವರ ಕೈಯಲ್ಲೇ ಇದ್ದರೆ ಅದು ಅಡವೇ ಅಲ್ಲ. ಮೂರನೆಯವರು ಇಟ್ಟುಕೊಳ್ಳಬೇಕು. ಫೆಡರಲ್ ರಿಸರ್ವ್ ಬ್ಯಾಂಕ್ ಆಗಬಹುದು, ಬೇರೊಂದು ಸ್ವತಂತ್ರ ಕಸ್ಟೋಡಿಯನ್ ಬ್ಯಾಂಕ್, ಅಂದರೆ ಬಾಂಡ್ ಕಾಪಾಡಿಡುವ ಬ್ಯಾಂಕ್ ಆಗಬಹುದು (ಹಂತ 2ರ ಅಧಿಕೃತ ಕಸ್ಟೋಡಿಯನ್ ಬೇರೆ, ಇದು ಬೇರೆ). ನಿಮ್ಮ ಬ್ಯಾಂಕ್‌ನದೇ ಟ್ರಸ್ಟ್ ವಿಭಾಗ ಅಥವಾ ಅದೇ ಗುಂಪಿನ ಇನ್ನೊಂದು ಕಂಪನಿ ಬೇಡ. ಸರ್ಕಾರಿ ಹಣಕಾಸು ಅಧಿಕಾರಿಗಳ ಸಂಘವಾದ ಜಿಎಫ್‌ಒಎ ಕೂಡ ಸ್ವತಂತ್ರ ಮೂರನೆಯವರಲ್ಲೇ ಇರಲಿ ಅನ್ನುತ್ತದೆ.

ಇದು ಬರೀ ಪುಸ್ತಕದ ಮಾತಲ್ಲ. 1985ರ ಮಾರ್ಚ್‌ನಲ್ಲಿ ಫ್ಲಾರಿಡಾದ ಇಎಸ್‌ಎಂ ಗವರ್ನಮೆಂಟ್ ಸೆಕ್ಯುರಿಟೀಸ್ ಅನ್ನುವ ಸಂಸ್ಥೆ ಕುಸಿಯಿತು. ಅದು ಬ್ಯಾಂಕ್ ಅಲ್ಲ, ಬಾಂಡ್ ವ್ಯಾಪಾರಿ. ಟೆಕ್ಸಾಸ್‌ನ ಬೋಮಾಂಟ್, ಓಹಾಯೋದ ಟೊಲಿಡೋ ಸೇರಿ ಹಲವು ನಗರಗಳ ಹಣ ಅದರಲ್ಲಿತ್ತು. ಸರ್ಕಾರಿ ಬಾಂಡ್ ಅಡಮಾನ ಇದೆ ಅಂತ ನಂಬಿದ್ದರು. ಬಾಂಡ್‌ಗಳು ಅವರ ಕೈಯಲ್ಲಾಗಲಿ, ಅವರ ಪರವಾಗಿ ಇಟ್ಟುಕೊಂಡ ಮೂರನೆಯವರ ಕೈಯಲ್ಲಾಗಲಿ ಇರಲಿಲ್ಲ. ಮರುವರ್ಷ, 1986ರಲ್ಲಿ, ಸರ್ಕಾರಿ ಬಾಂಡ್ ವ್ಯಾಪಾರಿಗಳ ಮೇಲೆ ಹೊಸ ಕಾನೂನು ಬಂತು. ಸ್ಥಳೀಯ ಸಂಸ್ಥೆಗಳು ತಮ್ಮ ಠೇವಣಿಯ ಅಪಾಯವನ್ನು ಲೆಕ್ಕಪತ್ರದಲ್ಲಿ ತೋರಿಸಬೇಕು ಅನ್ನುವ, ಸರ್ಕಾರಿ ಲೆಕ್ಕಪತ್ರದ ಮಾನದಂಡ ಹಾಕುವ ಮಂಡಳಿಯಾದ ಗ್ಯಾಸ್ಬಿಯ 3ನೇ ಹೇಳಿಕೆಯೂ ಅದೇ ವರ್ಷ ಬಂತು.

ಬ್ಯಾಂಕ್, ಕಸ್ಟೋಡಿಯನ್ ಮತ್ತು ನೀವು ಮೂವರೂ ಸಹಿ ಮಾಡಿದ ಒಪ್ಪಂದ ಇರಲಿ. ಅದರಲ್ಲಿ ಎರಡು ಮಾತು ಇದ್ದೇ ಇರಬೇಕು. ನಿಮ್ಮ ಒಪ್ಪಿಗೆ ಇಲ್ಲದೆ ಬಾಂಡ್ ಬಿಡುಗಡೆ ಮಾಡಬಾರದು. ಬ್ಯಾಂಕ್ ಹಣ ಕೊಡಲು ತಪ್ಪಿದರೆ ಕಸ್ಟೋಡಿಯನ್ ನಿಮ್ಮ ಸೂಚನೆ ಪಾಲಿಸಬೇಕು. ಬಾಂಡ್ ಬದಲಾಯಿಸುವಾಗ ಹೊಸದು ಬಂದ ಮೇಲೆಯೇ ಹಳೆಯದು ಹೋಗಬೇಕು. ಬಿಡುಗಡೆಗೆ ಸಹಿ ಹಾಕುವ ಅಧಿಕಾರ ಕಚೇರಿಯಲ್ಲಿ ಯಾರಿಗಿದೆ ಅನ್ನುವ ಪಟ್ಟಿಯನ್ನು ಜನ ಬದಲಾದಾಗೆಲ್ಲ ತಿದ್ದಿ. ಕೆಲಸ ಬಿಟ್ಟು ಹೋದವರ ಹೆಸರು ಕಸ್ಟೋಡಿಯನ್ ಹತ್ತಿರ ಉಳಿಯಬಾರದು.

ಹಂತ 7: ತಿಂಗಳಿಗೊಮ್ಮೆ ನೀವೇ ನೋಡಿ

ವರದಿ ಕಸ್ಟೋಡಿಯನ್‌ನಿಂದ ನೇರವಾಗಿ ನಿಮಗೆ ಬರಬೇಕು, ಬ್ಯಾಂಕ್ ಮೂಲಕ ಅಲ್ಲ. ಬಂದ ಮೇಲೆ ಪ್ರತಿ ಬಾಂಡ್‌ನ ಕ್ಯೂಸಿಪ್ ಸಂಖ್ಯೆ ನೋಡಿ. ಒಂಬತ್ತು ಅಕ್ಷರಗಳ ಈ ಗುರುತಿನಿಂದ ಬೆಲೆಯನ್ನು ಬೇರೆ ಕಡೆ ತಾಳೆ ನೋಡಬಹುದು. ನಿಮ್ಮ ಕಾನೂನು ಒಪ್ಪುವ ಬಗೆಯ ಬಾಂಡ್ ಹೌದೇ, ಬೆಲೆ ಯಾವ ದಿನದ್ದು, ಮುಂದಿನ ತಿಂಗಳು ಅವಧಿ ಮುಗಿಯುವುದು ಯಾವುದಾದರೂ ಇದೆಯೇ ಅಂತ ನೋಡಿ. ಆಮೇಲೆ ನಿಮ್ಮ ಖಾತೆಗಳ ಮೊತ್ತದ ಪಕ್ಕ ಇಟ್ಟು ಹಂತ 3ರ ಲೆಕ್ಕ ಹಾಕಿ, ಸಹಿ ಮಾಡಿ, ದಿನಾಂಕ ಹಾಕಿ ಫೈಲ್ ಮಾಡಿ. ಕೊರತೆ ಕಂಡರೆ ಅವತ್ತೇ ಬರವಣಿಗೆಯಲ್ಲಿ ಕೇಳಿ. ಎಷ್ಟು ದಿನದೊಳಗೆ ತುಂಬಬೇಕು ಅನ್ನುವುದು ಒಪ್ಪಂದದಲ್ಲೇ ಇದ್ದರೆ ವಾದಕ್ಕೆ ಜಾಗವೇ ಇರುವುದಿಲ್ಲ.

ವರ್ಷದ ಕೊನೆಯಲ್ಲಿ ಇದೇ ಫೈಲ್ ಆಡಿಟರ್‌ಗೂ ಬೇಕು. 2003ರ ಗ್ಯಾಸ್ಬಿ 40ನೇ ಹೇಳಿಕೆಯ ಪ್ರಕಾರ, ವಿಮೆಯೂ ಅಡಮಾನವೂ ಇಲ್ಲದ ಠೇವಣಿ ಎಷ್ಟು, ಅಡಮಾನ ಇದ್ದರೂ ಅದು ಬ್ಯಾಂಕ್‌ನ ಕೈಯಲ್ಲೇ ಇರುವುದು ಎಷ್ಟು, ಬ್ಯಾಂಕ್‌ನ ಟ್ರಸ್ಟ್ ವಿಭಾಗ ಅಥವಾ ಏಜೆಂಟ್ ಹತ್ತಿರ ಇದ್ದು ನಿಮ್ಮ ಹೆಸರಿನಲ್ಲಿ ಇಲ್ಲದ್ದು ಎಷ್ಟು ಅಂತ ಲೆಕ್ಕಪತ್ರದ ಟಿಪ್ಪಣಿಯಲ್ಲಿ ಹೇಳಬೇಕು.

ಬ್ಯಾಂಕ್ ಅಡಮಾನ ಇಡಲು ಒಪ್ಪದಿದ್ದರೆ?

ಆಗುತ್ತದೆ. ಅಡವಿಟ್ಟ ಬಾಂಡ್‌ಗಳನ್ನು ಬ್ಯಾಂಕ್ ಬೇರೆ ಸಾಲ ಎತ್ತಲು ಬಳಸಲಾರದು, ಮಾರಲಾರದು. ಆ ಖರ್ಚನ್ನು ನಿಮಗೆ ಕಡಿಮೆ ಬಡ್ಡಿ ಕೊಟ್ಟು ಸರಿದೂಗಿಸುತ್ತದೆ, ಇಲ್ಲ ದೊಡ್ಡ ಠೇವಣಿ ಬೇಡ ಅನ್ನುತ್ತದೆ. ಸಿಟ್ಟಾಗುವ ವಿಷಯವಲ್ಲ, ಬೇರೆ ದಾರಿ ನೋಡಿ.

ಒಂದು, ರೆಸಿಪ್ರೋಕಲ್ ಠೇವಣಿ. ಇಂಟ್ರಾಫೈ ಥರದ ಜಾಲದ ಮೂಲಕ ನಿಮ್ಮ ಬ್ಯಾಂಕ್ ನಿಮ್ಮ ಹಣವನ್ನು 2,50,000ಕ್ಕಿಂತ ಕಡಿಮೆ ತುಂಡುಗಳಾಗಿ ಬೇರೆ ಬೇರೆ ಬ್ಯಾಂಕ್‌ಗಳಿಗೆ ಹಂಚಿ, ಅಷ್ಟೇ ಹಣವನ್ನು ಅವುಗಳಿಂದ ಪಡೆಯುತ್ತದೆ. ಎಲ್ಲವೂ ವಿಮೆಯೊಳಗೆ ಬರುವುದರಿಂದ ಅಡಮಾನದ ಪ್ರಶ್ನೆ ಏಳುವುದಿಲ್ಲ. ನಿಮ್ಮ ರಾಜ್ಯದ ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆಯೇ ನೋಡಿ. ಆ ಜಾಲದಲ್ಲಿರುವ ಯಾವುದಾದರೂ ಬ್ಯಾಂಕ್‌ನಲ್ಲಿ ನಿಮಗೆ ಈಗಾಗಲೇ ಖಾತೆ ಇದ್ದರೆ ಅದನ್ನು ಪಟ್ಟಿಯಿಂದ ತೆಗೆಸಿ, ಇಲ್ಲದಿದ್ದರೆ ಅಲ್ಲಿ ವಿಮೆಯ ಮಿತಿ ದಾಟುತ್ತದೆ. ಎರಡು, ತಕ್ಷಣ ಬೇಡದ ಹಣದಿಂದ ನೇರವಾಗಿ ಟ್ರೆಷರಿ ಬಿಲ್ (ಅಮೆರಿಕ ಸರ್ಕಾರದ ಅಲ್ಪಾವಧಿ ಸಾಲಪತ್ರ) ಕೊಳ್ಳುವುದು, ಅಥವಾ ರಾಜ್ಯದ ಹೂಡಿಕೆ ಪೂಲ್‌ಗೆ ಹಾಕುವುದು. ಈ ಹೂಡಿಕೆ ಪೂಲ್‌ಗೆ (ಹಂತ 1ರ ಅಡಮಾನದ ಪೂಲ್ ಬೇರೆ) ಎಫ್‌ಡಿಐಸಿ ವಿಮೆ ಇರುವುದಿಲ್ಲ, ಅದರ ಹೂಡಿಕೆ ಪಟ್ಟಿ ಓದಿಯೇ ಹಾಕಿ. ಮೂರು, ಟೆಂಡರ್ ಕರೆದು ಬೇರೆ ಬ್ಯಾಂಕ್ ಹುಡುಕುವುದು. ಟೆಂಡರ್‌ನಲ್ಲಿ ವರ್ಷದ ಅತಿ ಹೆಚ್ಚು ಮೊತ್ತ, ಶೇಕಡಾ, ಕಸ್ಟೋಡಿಯನ್, ಮಂಡಳಿಯ ಒಪ್ಪಿಗೆ ಎಲ್ಲವನ್ನೂ ಮೊದಲೇ ಬರೆಯಿರಿ. ಹೆಚ್ಚು ಬಡ್ಡಿ ಕೊಡುವವರು ಇವಕ್ಕೆ ಒಪ್ಪದಿದ್ದರೆ ಆ ಬಡ್ಡಿ ಬೇಡ.

ಬ್ಯಾಂಕ್ ಮುಚ್ಚಿತು ಅಂತ ಸುದ್ದಿ ಬಂದರೆ

ಇದು ಹೆಚ್ಚಾಗಿ ಶುಕ್ರವಾರ ಸಂಜೆ ಬರುತ್ತದೆ. ಮೊದಲು ಎಫ್‌ಡಿಐಸಿ ಪ್ರಕಟಣೆ ಓದಿ. ಬೇರೆ ಬ್ಯಾಂಕ್ ಎಲ್ಲ ಠೇವಣಿಗಳನ್ನೂ ವಹಿಸಿಕೊಂಡಿದ್ದರೆ ಸೋಮವಾರ ನಿಮ್ಮ ಚೆಕ್‌ಗಳು ಎಂದಿನಂತೆ ನಡೆಯಬಹುದು. ವಿಮೆ ಇದ್ದ ಠೇವಣಿ ಮಾತ್ರ ವಹಿಸಿಕೊಂಡಿದ್ದರೆ ನಿಮ್ಮ ಫೈಲ್ ತೆಗೆಯಿರಿ: ಒಪ್ಪಂದ, ನಡಾವಳಿಯ ಪ್ರತಿ, ಕಸ್ಟೋಡಿಯನ್‌ನ ಕೊನೆಯ ವರದಿ, ಆ ದಿನದ ಖಾತೆಗಳ ಮೊತ್ತ. ವಾರದ ಕೊನೆಯಲ್ಲೇ ಕಸ್ಟೋಡಿಯನ್‌ಗೆ, ನಿಮ್ಮ ವಕೀಲರಿಗೆ, ರಾಜ್ಯದ ಖಜಾಂಚಿ ಕಚೇರಿಗೆ ತಿಳಿಸಿ. ಸಂಬಳ ಮತ್ತು ಬಾಂಡ್ ಕಂತುಗಳಿಗೆ ಬೇರೆ ಬ್ಯಾಂಕ್‌ನಿಂದ ಹಣ ಹೊಂದಿಸಿ. ಇದಕ್ಕಾಗಿಯೇ ಎರಡನೇ ಬ್ಯಾಂಕ್‌ನಲ್ಲಿ ಒಂದು ಖಾತೆ ಮೊದಲಿಂದಲೂ ಚಾಲ್ತಿಯಲ್ಲಿರಲಿ.

ಬಾಂಡ್‌ಗಳನ್ನು ನೀವೇ ಮಾರಲು ಅವಸರ ಪಡಬೇಡಿ. ಎಫ್‌ಡಿಐಸಿ ರಿಸೀವರ್ ಆದ ದಿನದಿಂದ 90 ದಿನ, ಅದರ ಒಪ್ಪಿಗೆ ಇಲ್ಲದೆ ಬ್ಯಾಂಕ್‌ನ ಆಸ್ತಿಯ ಮೇಲೆ ಹಕ್ಕು ಚಲಾಯಿಸುವಂತಿಲ್ಲ ಅಂತ ಕಾನೂನಿದೆ. ಹಕ್ಕು ಸರಿಯಾಗಿದ್ದರೆ ಅಡಮಾನದ ಬೆಲೆಯಷ್ಟು ನಿಮಗೆ ಸಿಗುತ್ತದೆ. ಅಡಮಾನ ಸಾಲದೆ ಉಳಿದ ಹಣಕ್ಕೆ ನೀವು ಬೇರೆ ವಿಮೆ ಇಲ್ಲದ ಠೇವಣಿದಾರರ ಜೊತೆ ಸಾಲಿನಲ್ಲಿ ನಿಲ್ಲಬೇಕು.

ಹಕ್ಕು ಸಲ್ಲಿಸಲು ಕೊನೆಯ ದಿನವನ್ನು ಎಫ್‌ಡಿಐಸಿ ಪ್ರಕಟಿಸುತ್ತದೆ. ಮೊದಲ ಪ್ರಕಟಣೆಯಿಂದ ಕನಿಷ್ಠ 90 ದಿನ ಕೊಡಬೇಕು. ಸಲ್ಲಿಸಿದ ಮೇಲೆ ತೀರ್ಮಾನಕ್ಕೆ ಅದಕ್ಕೆ 180 ದಿನ ಇದೆ. ಅರ್ಜಿಯ ಜೊತೆ ಮೂಲ ಪ್ರತಿ ಕೊಡಬೇಡಿ, ದೃಢೀಕೃತ ಪ್ರತಿ ಕೊಡಿ, ತಲುಪಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ, ಮತ್ತು ಕೊನೆಯ ದಿನದವರೆಗೆ ಕಾಯದೆ ಮೊದಲ ವಾರದಲ್ಲೇ ಕಳಿಸಿ.